ಎಡಗೈಯ ಹಿಡಿಕಿ

ಖಡಕಿ ಬಜಾರದಾಗ, ಗಡಿಯಾರದ ಅಂಗಡಿ ಮ್ಯಾಲೆ
ನನ್ನ ಖೋಲಿ. ಗ್ವಾಡಿಯಿಂದ ಗ್ವಾಡಿಗೆ ಒಂದ ಟೇಬಲ್ಲು,
ಎರಡು ಮಷೀನು, ಒಂದು ಕಿಟಕಿ.
ಇಂಡಿ ತಾಲೂಕಿಂದ ಬಂದ ವರ್ಷ ಪೋಲೀಸರ ಕಾಲರ್ ಹೊಲೀತಿದ್ದೆ.
ಈಗ ಮುಗಿಲಿಂದ ಬೀಳವರ ಪಟ್ಟಿ, ಬೆಲ್ಟು, ಚೀಲ.
ನಾ ಮಾತ್ರ ಮೂರನೇ ಮಾಳಗಿ ಕಿಟಕಿಯಿಂದ
ಕೆಳಗ ನೋಡಂಗಿಲ್ಲ. ತಲಿ ತಿರುಗತದ.

ವೈಜಯಂತಿ ಢಮಾಲೆ ಬಂದಳು, ಕೈಯಾಗ ಹೊಸ ಸಾಮಾನಿನ ಫಾರ್ಮು.
ಬಣ್ಣ ತುಂಬ್ಯಾಳ, ಎತ್ತರ ತುಂಬ್ಯಾಳ, ಸೊಂಟದ ಅಳತಿನೂ.
ಒಂದ ಖಾನಿ ಖಾಲಿ:
ಎರಡನೇ ಛತ್ರಿಯ ಹಿಡಿಕಿ ಯಾವುದು?
ಉಕ್ಕಿನ ಕಡಗವೋ, ಬಟ್ಟಿಯ ದಿಂಬೋ.

ಎರಡನೇ ಛತ್ರಿ ಅಂದ್ರ
ಮೊದಲನೇದು ಕೈಕೊಟ್ಟಾಗ ಬಿಚ್ಚೋದು.
ಬಲಗೈಲೆ ಕೆಟ್ಟದ್ದನ್ನ ಕಳಚಬೇಕು,
ಎಡಗೈಲೆ ಉಳದದ್ದನ್ನ ಕರೀಬೇಕು.
ಮೂರನೇದು ಅಂತ ಇಲ್ಲ.
ನೋಡು, ಹಿಡಿ, ಜಗ್ಗು: ಶೇಳಕೆ ಹವಾಲ್ದಾರ ಕಲಿಸಿದ್ದು.
ಆದರ ನೆಲಾ ಮುಗಿಲಾ ಗಿರಗಿಟ್ಟಿ ಆದಾಗ
ನೋಡೋದೇನು ಬಂತು, ಕೈಗೇ ಗೊತ್ತಿರಬೇಕು.

"ದಿಂಬ ಬರೀತೀನಿ ಮೌಶಿ," ಅಂದಳು. "ನಮ್ಮ ನಾಕೂ ಮಂದೀದೂ ಅದ.
ಮುಗಿಲಾಗ ಕೈ ಕೈ ಹಿಡೀವಾಗ
ಕಡಗದಾಗ ಯಾರದರ ಬೆರಳು ಸಿಕ್ಕರ?"
ಸುಳ್ಳಲ್ಲ. ಒಂದ್ಸಲ ವಿಮಾನದ ಬಾಗಲಾ ಒಬ್ಬನ ಕಡಗ ಜಗ್ಗಿತ್ತು,
ಛತ್ರಿ ಬಾಲಕ್ಕ ತಾಗಲಿಕ್ಕೆ ಗೇಣು ಉಳದಿತ್ತು.
ಆ ಹುಡುಗ ಇಳದು ಬಂದು ಮೂರು ಕಪ್ ಚಹಾ ಕುಡದ,
ಒಂದ ಮಾತೂ ಆಡಲಿಲ್ಲ.
ದಿಂಬ ಎದಿಗೆ ಅಂಟಿಕೊಂಡಿರತದ, ಯಾರ ಕೈಗೂ ಸಿಗಂಗಿಲ್ಲ.
ಒಮ್ಮೊಮ್ಮೆ ತೊಟ್ಟವರ ಕೈಗೂ.

"ಕೈ ತೋರಸು" ಅಂದೆ. ಬಲಗೈ ಚಾಚಿದಳು.
"ಅದಲ್ಲ."
ಕಿಸೆದಾಗಿನ ಎಡಗೈ ಹೊರಗ ಬಂತು, ತಡಾ ಮಾಡಿ.
ಭೋಸರಿಯ ಪ್ರೆಸ್ ಮಷೀನು
ಎರಡು ಬೆರಳು ಅರ್ಧಕ್ಕ ಬಿಟ್ಟಿತ್ತು.

ಹಳೇ ಪಟ್ಟಿ ತೊಡಿಸಿದೆ. ಕಣ್ಣ ಮುಚ್ಚು ಅಂದೆ.
ಭುಜಾ ಹಿಡದು ಮೂರು ಸುತ್ತ ಗರಗರ ತಿರುಗಿಸಿ
ಕಿವಿಯಾಗ ಒದರಿದೆ: ಜಗ್ಗು!
ದಿಂಬ ಜಾರಿತು. ಮತ್ತ ಜಾರಿತು.
ಮೂರನೇ ಸಲ ಬಲಗೈ ಸಹಾಯಕ್ಕ ಓಡಿ ಬಂತು.
"ಅದಕ್ಕ ಆಗ ಬ್ಯಾರೆ ಕೆಲಸ ಇರತದಲ್ಲ" ಅಂದೆ.
ಕಡಗ ಹಚ್ಚಿ ನೋಡಿದಿವಿ.
ಕೊಡದ ಬಾಯಿಗೆ ಹೆಬ್ಬೆರಳು ಹೋಗೋ ಹಂಗ
ತಾನ ಹೋತು. ತಕ್ಕಡಿ ಎಂಟೂವರಿ ಕಿಲೋ ತೋರಿಸಿತು.
ಹತ್ತರೊಳಗ ಇರಬೇಕು. ಅದ.

ಆಕಿಗೆ ಸಿಟ್ಟು ಬಂತು. ಕಡಗದ ಮ್ಯಾಲಲ್ಲ, ನನ್ನ ಮ್ಯಾಲೆ.
"ನನ್ನದೊಂದ ಬ್ಯಾರೆ ಕಾಣತದ. ಯಾಕಂತ ಎಲ್ಲಾರೂ ಕೇಳತಾರ."
ಕೇಳಲಿ, ಅನ್ನಬೇಕಿತ್ತು. ಸೂಜಿಗೆ ದಾರಾ ಪೋಣಸಕೋತ ಕುಂತೆ.
ಫಾರ್ಮು ಕತ್ತರಿ ಕೆಳಗ ಬಿಟ್ಟು ಹೋದಳು.

ಹದಿನಾರು ದಿನ ಆದಮ್ಯಾಲೆ
ತಾನೇ ಕಾರ್ಖಾನಿಯಾಗ ಬಗ್ಗಿಸಿ, ಉಜ್ಜಿ, ಸಣ್ಣ ಮಾಡಿದ
ಕಡಗ ತಂದಳು. ಒಳಗ ಅಡಗತದ, ಯಾರಿಗೂ ಕಾಣಂಗಿಲ್ಲ ಅಂದಳು.
ಅಷ್ಟು ಚಂದದ್ದು ನಾ ನೋಡಿರಲಿಲ್ಲ, ಖರೇ.
"ನಂಬರಿಲ್ಲದ ಉಕ್ಕು ನಾ ಹೊಲಿಯಂಗಿಲ್ಲ ತಂಗಿ."
ನಕ್ಕಳು. ಕುಂತು, ಕತ್ತರಿ ಸರಿಸಿ,
ಖಾನಿ ತುಂಬಿದಳು, ಎಡಗೈಲೇನ. ಗೀಟು ಸೊಟ್ಟ ಬಂತು.

ದೀಪಾವಳಿ ಮುಂದ ಸಾಮಾನು ಬಂತು.
ಛತ್ರಿ ಮಡಚಿ, ಪಿನ್ನಿಗೆ ಕೆಂಪು ದಾರ ಸುತ್ತಿ,
ಸೀಸದ ಮುದ್ರಿ ಒತ್ತಿ, ವಹಿಯಾಗ ಸಹಿ ಮಾಡಿದೆ.
ಆರು ತಿಂಗಳಿಗೆ ನಾನ ಬಿಚ್ಚಬೇಕು, ಗಾಳಿಗೆ ಹರವಬೇಕು.
ಅಲ್ಲೀತನಕ ಆ ದಾರ ಹರೀದಿರಲಿ.

ಆಕಿ ಬಗ್ಗಿಸಿದ ಕಡಗ ನನ್ನ ಕೀಲಿಕೈಗೆ ಹಾಕೀನಿ.
ಬಗಲಾಗ ಗಂಟು ಹಿಡದು
ದೀಪ ಹೋದ ಮೆಟ್ಟಲಾ ಏರುವಾಗ,
ಚೀಲದಾಗ ಹುಡುಕೋ ಮೊದಲ
ಹೆಬ್ಬೆರಳು ಅದರಾಗ ಇರತದ.