ಒಂದೇ ಮೊಳೆ

ತೊಂಬತ್ತನಾಲ್ಕರ ಫೆಬ್ರವರಿ. ಮೈಸೂರಿನ ತರಬೇತಿ ಕೇಂದ್ರಕ್ಕೆ
ಆಗಷ್ಟೇ ಬಾವುಟ ಬದಲಿಸಿದ ದೇಶದಿಂದ
ಮೂವರು ಬಂದಿದ್ದರು, ದಪ್ಪ ಕೋಟು ತೋಳಿಗೆ ಹಾಕಿಕೊಂಡು.
ಹಿರಿಯಳು ವೆಸೆಲಿನಾ. ಹೇಳಿದಳು:
“ನಮ್ಮಲ್ಲಿ ಮೊದಲು ಇದ್ದದ್ದು ಒಂದೇ ಬ್ಯಾಂಕು.
ಕೊಡುವುದೂ ಅದೇ, ಎಣಿಸುವುದೂ ಅದೇ,
ಸರಿಯಿದೆ ಎಂದು ರುಜು ಹಾಕುವುದೂ ಅದೇ.
ಈಗ ನೂರಾ ಎಂಬತ್ತು. ಒಂದಂತೂ
ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ.
ಇವನ್ನೆಲ್ಲ ಕಾಯುವವರು ಯಾರು, ಹೇಳಿ.”

ಹೇಳಿದೆವು. ನಾಲ್ಕು ದಿನ ಹೇಳಿದೆವು.
ಕೇಂದ್ರ ಬ್ಯಾಂಕೇ ಕಾಯಲಿ ಎಂದರೆ ಒಂದು ಪಟ್ಟಿ,
ಹಣಕಾಸು ಸಚಿವಾಲಯ ಎಂದರೆ ಇನ್ನೊಂದು,
ಎರಡಕ್ಕೂ ಅಂಟದ ಆಯೋಗ ಎನ್ನುವಾಗ
ಸೀಮೆಸುಣ್ಣದ ಕಡ್ಡಿ ಮುರಿಯಿತು.
ಜರ್ಮನರು ಹೀಗೆ, ಇಂಗ್ಲಿಷರು ಹಾಗೆ.
ಗಡ್ಡದ ಹುಡುಗ ಎಲ್ಲ ಬರೆದುಕೊಂಡ.
ವೆಸೆಲಿನಾ ಕಿಟಕಿಯಾಚೆ ನೋಡುತ್ತಿದ್ದಳು,
ನೀಲಗಿರಿ ಮರ ತೊಗಟೆ ಕಳಚುವುದನ್ನು.

ಐದನೆಯ ದಿನ ವ್ಯಾನಿನಲ್ಲಿ ಮಂಡ್ಯಕ್ಕೆ.
ಗುತ್ತಲು ರಸ್ತೆಯ ಪಟ್ಟಣ ಸಹಕಾರ ಬ್ಯಾಂಕು,
ನನ್ನ ತಪಾಸಣೆಯ ಸರಹದ್ದು.
ಅದಕ್ಕೆ ಇಬ್ಬರು ಯಜಮಾನರು:
ಹಣಕ್ಕೆ ರಿಸರ್ವ್ ಬ್ಯಾಂಕು, ಸಂಘಕ್ಕೆ ರಿಜಿಸ್ಟ್ರಾರು.
ಹೆಮ್ಮೆಯಿಂದಲೇ ವಿವರಿಸಿದೆ:
ಭದ್ರಕೋಣೆಗೂ ಹಾಗೆಯೇ ಎರಡು ಬೀಗದ ಕೈ,
ಒಂದು ಮ್ಯಾನೇಜರರ ಹತ್ತಿರ, ಒಂದು ಕ್ಯಾಷಿಯರರ ಹತ್ತಿರ,
ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬಾಗಿಲಿಲ್ಲ.

ವೆಸೆಲಿನಾ ಬೆರಳು ತೋರಿಸಿದಳು.
ಗೋಡೆ. ಕ್ಯಾಲೆಂಡರಿನ ಪಕ್ಕ ಒಂದು ಮೊಳೆ.
ಮೊಳೆಗೆ ಎರಡೂ.

ಕ್ಯಾಷಿಯರ್ ಬೋರಲಿಂಗಯ್ಯ ನಕ್ಕ:
“ಅಯ್ಯೋ ಬುಡಿ ಸಾ, ಮ್ಯಾನೇಜ್ರು ಕೆರಗೋಡಿಂದ ಬರೋ ಬಸ್ಸು
ಒಂದೊಂದಿನ ಹತ್ತೂವರೆ ಆಯ್ತದೆ. ಜನ ಕಾಯ್ತಾರಾ?”
ಇಂಗ್ಲಿಷಿಗೆ ತರಲು ನಾನು ತಡವರಿಸಿದೆ.
ಅವಳಿಗೆ ಅದು ಬೇಕಾಗಿರಲಿಲ್ಲ.

ಮೂರು ವರ್ಷದ ಮೇಲೆ ಒಂದು ಕಾಗದ, ಹಸಿರು ಶಾಯಿ:
“ಕೊನೆಗೆ ಆಯೋಗವನ್ನೇ ಆರಿಸಿದೆವು.
ನಿಮ್ಮ ಪಟ್ಟಿ ನೋಡಿ ಅಲ್ಲ. ಗವರ್ನರಿಗೂ ಮಂತ್ರಿಗೂ
ಮಾತು ಬಿಟ್ಟುಹೋಗಿತ್ತು,
ಸಾಲ ಕೊಡುವವರು ಜೂನ್ ಮೂವತ್ತರ ಗಡುವು ಹಾಕಿದ್ದರು.
ಅಷ್ಟರಲ್ಲಿ ಅರ್ಧ ಬ್ಯಾಂಕುಗಳು ಮುಳುಗಿದ್ದವು.
ಚಪ್ಪಲಿ ಅಂಗಡಿಯದು, ನಂಬಿ, ಇನ್ನೂ ಇದೆ.
ನಿಮ್ಮ ಮೊಳೆ ಹೇಗಿದೆ?”

ಉತ್ತರ ಬರೆಯಲು ಕೂತೆ.
ಆ ದಿನದ ವರದಿಯ ನಕಲು ಹುಡುಕಿ ತೆಗೆದೆ.
ಕಲಂ ಹದಿನಾಲ್ಕು, ಬೀಗದ ಕೈಗಳ ಜಂಟಿ ಸುಪರ್ದು.
ಮುಂದೆ ನನ್ನದೇ ಅಕ್ಷರ: ತೃಪ್ತಿಕರ.

ಬಿಸಿಲು ಜೋರಿತ್ತು ಅವತ್ತು. ಬೋರಲಿಂಗಯ್ಯ
ತಾನೇ ಕೆತ್ತಿ ಕೊಟ್ಟಿದ್ದ ಎಳನೀರು,
ಗಂಜಿ ಇದ್ದದ್ದು.