ಟಿಕ್

ನರೀನ್ ಪೇಟೆಯಾಚೆ, ತಗಡಿನ ಶೆಡ್ಡಿನಲ್ಲಿ
ಹಳೆಯ ರಷ್ಯನ್ ಜೀಪಿನಡಿ ಅಯ್ಪೆರಿ.
ಬೆನ್ನಿಗೆ ರಟ್ಟು, ರಟ್ಟಿಗೆ ಹಿಮ.

ಪ್ರೊಪೆಲರ್ ಶಾಫ್ಟಿಗೆ ನಾಲ್ಕೇ ಬೋಲ್ಟು.
ಥ್ರೆಡ್ಡಿನ ಜಿಡ್ಡು ಒರೆಸಿ, ಬೆರಳಲ್ಲೇ ಕೂರಿಸಿ,
ಒಂದಾದ ಮೇಲೆ
ಪಕ್ಕದ್ದಲ್ಲ, ಎದುರಿನದು.

"ಇನ್ನೊಂದು ಸುತ್ತು ಎಳಿ," ಅನ್ನುತ್ತಾನೆ ಕೆಂಜೆಬೆಕ್.
ಕುದುರೆ ಪಳಗಿಸಿದ ರಟ್ಟೆ ಅವನದು;
ಬಿಗಿ ಅಂದರೆ ಕಬ್ಬಿಣ ಕಿರುಗುಟ್ಟಬೇಕು.
ಹೋದ ಚಳಿಗಾಲ, ಕಣಿವೆಯ ತಿರುವಿನಲ್ಲಿ
ಕತ್ತು ಮುರಿದದ್ದು ಸಡಿಲ ಬೋಲ್ಟಲ್ಲ,
ಅವನು ಎಳೆದದ್ದು.

ಅದನ್ನವಳು ಎತ್ತಿ ಆಡುವುದಿಲ್ಲ.
ಟಾರ್ಕ್ ಪಾನದ ಹಿಡಿಯಲ್ಲಿ ಅಂಕಿ ತಿರುಗಿಸಿ
ಮೆಲ್ಲಗೆ, ಮೆಲ್ಲಗೆ ಎಳೆಯುತ್ತಾಳೆ.
ಟಿಕ್.

ಸಾಕೆಂದು ಮಗು
ಮೊಲೆ ಬಿಟ್ಟ ಹಾಗೆ.

ನಾಲ್ಕು ತಲೆಗೂ ಹಳದಿ ಗೀರೆಳೆದು ಹೊರಬರುತ್ತಾಳೆ.
ಕೆಂಜೆಬೆಕ್ ತನ್ನ ಪಾನ ಹಿಡಿದು ಬಗ್ಗುತ್ತಾನೆ,
ಗೀರು ನೋಡುತ್ತಾನೆ,
ಎದ್ದು
ಇಬ್ಬರಿಗೂ ಚಹಾ ಬಗ್ಗಿಸುತ್ತಾನೆ.