ಉಪ್ಪುನೀರು

ಬ್ರೋಕನ್ ಹಿಲ್‌ನಲ್ಲಿ ಆ ವರ್ಷ
ನೀರು ರೈಲು ಹತ್ತಿ ಬರುತ್ತಿತ್ತು.
ಮನೆಗೆ ಇಷ್ಟೇ ಬಕೆಟ್ಟು;
ಪಾತ್ರೆ ತೊಳೆದದ್ದು ನಿಂಬೆಗಿಡಕ್ಕೆ.

ಹಬ್ಬದ ರಾತ್ರಿ ಜೆಲ್ಡಾ ಅಜ್ಜಿ
ಗಾಜಿನ ಬಟ್ಟಲ ತುಂಬ ತಿಳಿನೀರು ಹೊಯ್ದು
ಹಿಡಿ ಉಪ್ಪು ಸುರಿದಳು.
"ಅಯ್ಯೋ, ಕೆಡಿಸಿದೆಯಲ್ಲ!" ಎಂದೆ.

"ಅತ್ತಿದ್ದೇವೆ ಕಣೋ, ಈಜಿಪ್ಟಿನಲ್ಲಿ, ಇಟ್ಟಿಗೆ ಹೊತ್ತು."
"ಯಾವಾಗ?"
"ಮೂರು ಸಾವಿರ ವರ್ಷವಾಯಿತು. ಮೊನ್ನೆಮೊನ್ನೆ."
ಸೊಪ್ಪು ಅದ್ದಿ ನನ್ನ ಬಾಯಿಗಿಟ್ಟಳು.

ಗಣಿಯ ಪಾಳಿ ಮುಗಿಸಿ ಅಪ್ಪ
ತಡವಾಗಿ ಬಂದು ಕೂತ; ಉಗುರಲ್ಲಿನ್ನೂ ಸೀಸದ ಮಸಿ.
ಹಾಡು ಅರ್ಧ ಮರೆತಿದ್ದ.
ಹೊರಗೆ ಕೆಂಧೂಳು ಬಾಗಿಲು ಕೆರೆಯುತ್ತಿತ್ತು.

ಬೆಳಿಗ್ಗೆ ಆ ನೀರು ಗಿಡಕ್ಕೂ ಆಗದು.
ಬಟ್ಟಲು ಹಿಡಿದು ಅಂಗಳದಲ್ಲಿ ನಿಂತೆ.
ಎಲ್ಲಿ ಚೆಲ್ಲಬೇಕೋ
ಇವತ್ತಿಗೂ ಗೊತ್ತಾಗಿಲ್ಲ.